ಫೋನಿನ ತಂತಿ ಕಿತ್ತರೂ ತೆರೆಯುತ್ತಿದ್ದ ವೆಬ್‌ಸೈಟು

ನಿಟ್ಟುವಳ್ಳಿಯ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬೋರ್ಡಿಗೆ ‘ಮತ್ತು ಕಂಪ್ಯೂಟರ್’ ಎಂದು ಸೇರಿಸಲು ಹೇಳಿದಾಗ, ಪೇಂಟರು ಉಳಿದಿದ್ದ ಜಾಗವನ್ನು ನೋಡಿ ‘ಮತ್ತು’ವನ್ನು ದೊಡ್ಡದಾಗಿಯೂ ‘ಕಂಪ್ಯೂಟರ್’ ಅನ್ನು ಇರುವೆ ಸಾಲಿನಷ್ಟು ಸಣ್ಣದಾಗಿಯೂ ಬರೆದು ಹೋದ. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ದಾವಣಗೆರೆಯಲ್ಲಿ ಆ ವಿದ್ಯೆಗಿದ್ದ ಸ್ಥಾನಮಾನಕ್ಕೆ ಅದು ಸರಿಯಾದ ಅಳತೆಯೇ ಆಗಿತ್ತು. ನಾನು ಪುಸ್ತಕ ಓದಿ, ಮಾಸಪತ್ರಿಕೆಗಳ ಜೊತೆ ಬರುತ್ತಿದ್ದ ಸಿ.ಡಿ.ಗಳನ್ನು ಹಾಕಿ ನೋಡಿ, ನನ್ನನ್ನು ನಾನೇ ಬೈದುಕೊಂಡು ವೆಬ್‌ಸೈಟು ಮಾಡುವುದನ್ನು ಕಲಿತಿದ್ದೆ. ಊರಿನಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ. ಯಾರಿಗೂ ಬೇಡದ ವಿದ್ಯೆಯನ್ನು ಬಲ್ಲವನಿಗೆ ಒಂದು ನೆಮ್ಮದಿ ಇರುತ್ತದೆ. ಆ ನೆಮ್ಮದಿಯಲ್ಲಿ ನಾನಿದ್ದಾಗ ಹರಿಹರದ ಯಜಮಾನರು ಬಂದರು.

ಯಜಮಾನರ ಮನೆತನದವರು ತಲೆಮಾರುಗಳಿಂದ ಅರಳೆ ವ್ಯಾಪಾರದವರು. ಇವರೊಬ್ಬರು ಮಾತ್ರ ಅಣ್ಣಂದಿರ ಮಾತು ಕೇಳದೆ, ಗುತ್ತೂರಿನ ಹತ್ತಿರ ಲೇತ್ ಮಷಿನ್ ಹಾಕಿ ಒಂದು ವರ್ಕ್‌ಶಾಪ್ ತೆರೆದು, ಪಂಪುಗಳಿಗೆ ಬೇಕಾಗುವ ಹಿತ್ತಾಳೆ ಬುಷ್‌ಗಳನ್ನು ಮಾಡುತ್ತಿದ್ದರು. ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ಮೈಕ್ರೋಮೀಟರ್. ಎರಡರಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಾಗಲು ಬಿಡುತ್ತಿರಲಿಲ್ಲ.

“ಮೇಷ್ಟ್ರೆ, ನನಗೊಂದು ಬೀಗ ಬೇಕು,” ಎಂದರು, ಕೂರುವ ಮೊದಲೇ.

“ಕೂಡ್ರಿ ಯಜಮಾನ್ರೆ. ಬೀಗ ಬೇಕಾದ್ರೆ ಮಂಡಿಪೇಟೆಗೆ ಹೋಗಬೇಕಿತ್ತಲ್ಲ?”

“ಆ ಬೀಗ ಅಲ್ರಿ. ಕಂಪ್ಯೂಟರ್ ಒಳಗೆ ಕಾಣ್ತೈತಂತಲ್ಲ, ಸಣ್ಣದು, ಆ ಬೀಗ.”

ಸಂಗತಿ ಹೀಗಿತ್ತು. ಬೆಂಗಳೂರಿನ ಒಂದು ವಸ್ತುಪ್ರದರ್ಶನದಲ್ಲಿ ಹೊರದೇಶದ ಪಂಪ್ ಕಂಪನಿಯವನೊಬ್ಬ ಇವರ ಬುಷ್ ಒಂದನ್ನು ಎತ್ತಿಕೊಂಡು, ತನ್ನ ಜೇಬಿನಿಂದ ಮೈಕ್ರೋಮೀಟರ್ ತೆಗೆದು ಅಳೆದು, ತಲೆದೂಗಿದ್ದನಂತೆ. ಯಜಮಾನರೂ ತಮ್ಮ ಜೇಬಿನಿಂದ ಮೈಕ್ರೋಮೀಟರ್ ತೆಗೆದು ತೋರಿಸಿದರಂತೆ. ಇಬ್ಬರ ನಡುವೆ ಭಾಷೆ ಅಷ್ಟಾಗಿ ನಡೆಯದಿದ್ದರೂ ಸಂಬಂಧ ಅಲ್ಲಿಯೇ ಕುದುರಿತು. ಆದರೆ ಆತನದೊಂದು ಕರಾರಿತ್ತು. ಕಂಪನಿಯ ಡ್ರಾಯಿಂಗುಗಳನ್ನು ಫ್ಯಾಕ್ಸಿನಲ್ಲಿ ಕಳಿಸುವುದಿಲ್ಲ, ಅದು ಯಾರ ಕೈಗೆ ಬೀಳುತ್ತದೋ ಹೇಳಲಾಗದು. ನೀವೊಂದು ವೆಬ್‌ಸೈಟು ಮಾಡಿಸಿ, ಅದರಲ್ಲಿ ನಡುದಾರಿಯಲ್ಲಿ ಯಾರೂ ಓದಲಾಗದಂತೆ ಬೀಗ ಹಾಕಿದ ಒಂದು ಪುಟವಿರಲಿ, ಆ ಪುಟದ ಮೂಲಕ ಕಳಿಸುತ್ತೇನೆ. ಅವನು ಕೊಟ್ಟ ಗಡುವು ನಮ್ಮ ಪಂಚಾಂಗದಲ್ಲಿ ದೀಪಾವಳಿಯ ಹೊತ್ತಿಗೆ ಬೀಳುತ್ತಿತ್ತು. ಅಷ್ಟರೊಳಗೆ ಆಗದಿದ್ದರೆ ಕೆಲಸ ಕೊಯಮತ್ತೂರಿನವರಿಗೆ.

“ಕೊಯಮತ್ತೂರು ಅಂದ ನೋಡ್ರಿ, ಎದೆ ಧಸಕ್ಕಂತು,” ಎಂದರು ಯಜಮಾನರು. “ಅಣ್ಣಾರು ಮೊದಲೇ ನನಗೆ, ಅರಳೆ ಬಿಟ್ಟು ಕಬ್ಬಿಣ ಕಡಿಯಾಕೆ ಹೋಗ್ಯಾನೆ ಅಂತ ಊಟಕ್ಕೆ ಕುಂತಾಗೆಲ್ಲ ಆಡ್ಕೊಂತಾರೆ. ಇದೊಂದು ಕೈತಪ್ಪಿತು ಅಂದ್ರೆ ನಾ ಈ ಸಲ ಹಬ್ಬಕ್ಕೆ ದೊಡ್ಡಮನೆಗೆ ಹೋಗಂಗಿಲ್ಲ. ಹೋಗಾಕೆ ಮುಖ ಇರಂಗಿಲ್ಲ.”

ಹೀಗೆ ಒಬ್ಬ ಗೃಹಸ್ಥರ ದೀಪಾವಳಿಯ ಹೋಳಿಗೆ, ಬ್ರೌಸರ್ ಕಿಟಕಿಯ ಕೆಳಗಿನ ಮೂಲೆಯಲ್ಲಿ ಬರುವ ಕಾಳಿನಷ್ಟು ಗಾತ್ರದ ಬೀಗದ ಚಿತ್ರವೊಂದಕ್ಕೆ ಗಂಟುಬಿತ್ತು. ಅದನ್ನು ಮೂಡಿಸುವ ಹೊಣೆ ನನ್ನ ಹೆಗಲಿಗೆ ಬಿತ್ತು.

ಜಾಗ ನೋಡಿ ಬರೋಣವೆಂದು ಗುತ್ತೂರಿಗೆ ಹೋದೆ. ಅಂದು ನನಗಾದ ಸತ್ಕಾರವನ್ನು ಇಲ್ಲಿ ಹೇಳಲೇಬೇಕು. ಮುಂದೆ ಅದು ಉಪಯೋಗಕ್ಕೆ ಬಂತು. ಗೇಟಿನಲ್ಲಿ ಕಾವಲುಗಾರ ನನ್ನ ಹೆಸರು, ಊರು, ಬಂದ ಉದ್ದೇಶ ಬರೆದು ಒಂದು ಚೀಟಿ ಕೊಟ್ಟ. ನಾನು ಅದನ್ನು ಹಿಡಿದು ಎರಡು ಹೆಜ್ಜೆ ಇಟ್ಟೊಡನೆ ಕೈಚಾಚಿ ವಾಪಸು ಇಸಿದುಕೊಂಡು ಗೋಡೆಯ ಮೊಳೆಗೆ ಚುಚ್ಚಿದ. ಆಫೀಸಿನ ಬಾಗಿಲಲ್ಲಿ ಕೂತಿದ್ದಾಕೆ ಒಂದು ಕಾಲದಲ್ಲಿ ನಮ್ಮಲ್ಲೇ ಟೈಪಿಂಗ್ ಕಲಿತ ಹೆಣ್ಣುಮಗಳು. ನನ್ನನ್ನು ನೋಡಿ ಎದ್ದು ನಿಂತು ನಮಸ್ಕಾರ ಮಾಡಿ, “ಚೀಟಿ ಸಾರ್?” ಎಂದಳು.

“ಗೇಟಲ್ಲಿ ಇಸ್ಕೊಂಡ್ರಲ್ಲಮ್ಮ.”

“ಚೀಟಿ ಇಲ್ದೆ ಹೊಸಬ್ರನ್ನ ಒಳಗೆ ಬಿಡಂಗಿಲ್ಲ ಸಾರ್, ಯಜಮಾನ್ರ ಆರ್ಡರ್. ಗೇಟಿಗೆ ಹೋಗಿ ತಗಂಬರ್ರಿ.”

ಗೇಟಿಗೆ ಹೋದೆ. ಕಾವಲುಗಾರ ಮತ್ತೆ ಹೆಸರು, ಊರು, ಉದ್ದೇಶ ಬರೆದುಕೊಂಡು ಹೊಸ ಚೀಟಿ ಕೊಟ್ಟು, ಎರಡು ಹೆಜ್ಜೆಯ ನಂತರ ಇಸಿದುಕೊಂಡ. “ಚೀಟಿ ಗೇಟು ದಾಟಂಗಿಲ್ಲ, ಯಜಮಾನ್ರ ಆರ್ಡರ್,” ಎಂದ. ಎರಡೂ ಆರ್ಡರುಗಳು ಯಜಮಾನರವೇ, ಎರಡೂ ನ್ಯಾಯವಾದವೇ. ಪರಿಚಿತರೆಲ್ಲ ಚೀಟಿಯ ಗೊಡವೆಯಿಲ್ಲದೆ ಓಡಾಡುತ್ತಿದ್ದರಿಂದ ಇದರ ರುಚಿ ಯಾರಿಗೂ ಹತ್ತಿರಲಿಲ್ಲ. ನಾನು ಗೇಟಿಗೂ ಆಫೀಸಿಗೂ ದೇವರಿಗೆ ಪ್ರದಕ್ಷಿಣೆ ಹಾಕುವವನಂತೆ ತಿರುಗುತ್ತಿರುವುದನ್ನು ಕಿಟಕಿಯಿಂದ ಕಂಡು ಯಜಮಾನರೇ, “ಮೇಷ್ಟ್ರೆ, ಬಿಸಿಲಾಗೆ ಯಾಕ ವಾಕಿಂಗ್ ಮಾಡ್ತೀರಿ, ಒಳಗೆ ಬರ್ರಿ,” ಎಂದು ಕೂಗಿದ ಮೇಲೆ ನನಗೆ ಮುಕ್ತಿಯಾಯಿತು.

ಕೆಲಸ ಶುರುವಾಯಿತು. ಯಜಮಾನರು ಹೊಸ ಕಂಪ್ಯೂಟರ್ ಒಂದನ್ನು ಕೊಂಡು ನಮ್ಮ ಇನ್‌ಸ್ಟಿಟ್ಯೂಟಿನಲ್ಲಿಟ್ಟರು. ಅದರಲ್ಲೇ ವೆಬ್‌ಸೈಟು ತಯಾರಾಗಬೇಕು, ಆಮೇಲೆ ಅದನ್ನು ಅಮೆರಿಕದಲ್ಲಿ ನಾವು ಬಾಡಿಗೆಗೆ ಹಿಡಿದಿದ್ದ ದೊಡ್ಡ ಕಂಪ್ಯೂಟರಿಗೆ ಫೋನ್ ಲೈನಿನ ಮೂಲಕ ಏರಿಸಬೇಕು ಎಂಬುದು ಏರ್ಪಾಡು. ಬೀಗದ ಪುಟಕ್ಕೆ ಬೇಕಾದ ಆಜ್ಞೆ ಬಹಳ ಸಣ್ಣದು: ‘ಯಾರಾದರೂ ಬೀಗವಿಲ್ಲದ ದಾರಿಯಲ್ಲಿ ಬಂದರೆ ಅವರನ್ನು ಬೀಗದ ದಾರಿಗೆ ತಿರುಗಿಸು.’ ಅಷ್ಟೇ. ನಾನು ಅದನ್ನು ಬರೆದು, ಪುಟ ತೆರೆದು, ಚಹಾ ತರಿಸಿದೆ. ಚಹಾ ಬಂತು, ಪುಟ ಬರಲಿಲ್ಲ.

ಬಾರದಿರುವುದೇ ಸರಿ. ಬೀಗವಿದ್ದದ್ದು ಅಮೆರಿಕದಲ್ಲಿ, ನಿಟ್ಟುವಳ್ಳಿಯಲ್ಲಲ್ಲ. ಆಜ್ಞೆ ಮಾತ್ರ ಎರಡೂ ಕಡೆ ಒಂದೇ. ನಮ್ಮ ಕಂಪ್ಯೂಟರು ವಿಧೇಯವಾಗಿ ನಮ್ಮನ್ನು ಬೀಗದ ದಾರಿಗೆ ತಿರುಗಿಸುತ್ತಿತ್ತು. ಆ ದಾರಿಯ ಕೊನೆಯಲ್ಲಿ ಬಾಗಿಲೇ ಇಲ್ಲದಿರುವುದು ತನ್ನ ಇಲಾಖೆಗೆ ಸೇರಿದ್ದಲ್ಲವೆಂದು ಸುಮ್ಮನಾಗುತ್ತಿತ್ತು. ಇದಕ್ಕೆ ಲೋಕವೆಲ್ಲ ಮಾಡುವ ಉಪಾಯ ಒಂದೇ. ‘ಇದು ಮನೆಯ ಕಂಪ್ಯೂಟರಾಗಿದ್ದರೆ ಬೀಗದ ಮಾತೆತ್ತಬೇಡ’ ಎಂದು ಇನ್ನೊಂದು ಸಾಲು ಸೇರಿಸುವುದು. ನಾನೂ ಸೇರಿಸಿದೆ. ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಯಜಮಾನರು ಬಂದಾಗ, ಮೇಷ್ಟರ ಚಾಳಿ, ವಿವರಿಸಿಬಿಟ್ಟೆ.

“ಅಂದ್ರೆ ಇಲ್ಲಿಗೊಂದು, ಅಲ್ಲಿಗೊಂದು?” ಎಂದರು.

“ಹೌದು.”

“ಬ್ಯಾಡ.”

“ಎಲ್ಲಾರೂ ಹಂಗೇ ಮಾಡೋದು ಯಜಮಾನ್ರೆ.”

“ಎಲ್ಲಾರೂ ಮಾಡ್ಲಿ. ನಮ್ಮ ಅಜ್ಜಾರು ಅರಳೆ ಮಾರೋವಾಗ, ಹಿಂಜಿ ತೋರ್ಸಿದ ಅರಳೆ ಒಂದು, ಅಂಡಿಗೆಯೊಳಗಿನ ಅರಳೆ ಒಂದು ಅಂತ ಯಾವತ್ತೂ ಆಗಿದ್ದಿಲ್ಲ. ಸ್ಯಾಂಪಲ್ಲೇ ಮಾಲು, ಮಾಲೇ ಸ್ಯಾಂಪಲ್ಲು. ಇಲ್ಲಿ ನೋಡಿದ್ದೇ ಅಲ್ಲಿರಬೇಕು.”

ಇದು ಅರಳೆಯಲ್ಲ ಎಂದೆ. ಬೀಗವಿಲ್ಲದ ಕಡೆ ಬೀಗ ಕೇಳಬಾರದೆಂದು ಹೇಳುವುದು ಮೋಸವಲ್ಲ ಎಂದೆ. ಅವರು ಜೇಬಿನಿಂದ ಮೈಕ್ರೋಮೀಟರ್ ತೆಗೆದು ಮೇಜಿನ ಮೇಲಿಟ್ಟರು. ಅವರಲ್ಲಿ ಅದು ಚರ್ಚೆ ಮುಗಿಯಿತೆಂಬುದರ ಗುರುತು.

ಸರಿ, ಸೇರಿಸಿದ್ದ ಸಾಲನ್ನು ಅಳಿಸಿದೆ. ತೋರಿಸಿದ್ದೇ ಮಾಲಾಗಬೇಕಾದರೆ ಮನೆಯ ಕಂಪ್ಯೂಟರನ್ನೇ ಅಮೆರಿಕವೆಂದು ನಂಬಿಸಬೇಕಾಯಿತು. ಅದಕ್ಕೂ ಉಪಾಯವಿದೆ. ಕಂಪ್ಯೂಟರಿನ ಒಂದು ಮೂಲೆಯಲ್ಲಿ ಸಣ್ಣ ಕಡತವಿರುತ್ತದೆ; ಅದರಲ್ಲಿ ‘ಈ ಹೆಸರಿನ ವೆಬ್‌ಸೈಟು ಇಲ್ಲೇ ಇದೆ, ಹೊರಗೆ ಹುಡುಕಬೇಡ’ ಎಂದು ಒಂದು ಸಾಲು ಬರೆದರೆ, ಅದು ಹೊರಗಿನ ಪ್ರಪಂಚವನ್ನು ಕೇಳುವುದನ್ನೇ ಬಿಡುತ್ತದೆ. ಆ ಸಾಲು ಬರೆದೆ. ಬೀಗ ಬೇಕಲ್ಲ, ಅದಕ್ಕೊಂದು ಪ್ರಮಾಣಪತ್ರ ಬೇಕು. ಲೋಕಮಾನ್ಯವಾದ ಸಂಸ್ಥೆ ಅದನ್ನು ಕೊಡಬೇಕು. ನಮ್ಮ ಕಂಪ್ಯೂಟರಿಗೆ ನಾವೇ ಪ್ರಮಾಣಪತ್ರ ಕೊಟ್ಟುಕೊಂಡೆವು. ಬ್ರೌಸರು, ಇದನ್ನು ಕೊಟ್ಟವರು ಯಾರೋ ನನಗೆ ಗೊತ್ತಿಲ್ಲವಲ್ಲ ಎಂದು ಒಂದರ ಮೇಲೊಂದು ಪ್ರಶ್ನೆ ಕೇಳಿತು. ‘ನನಗೆ ಗೊತ್ತು, ಇನ್ನು ಮುಂದೆ ಕೇಳಬೇಡ’ ಎಂದು ಉತ್ತರಿಸಿದೆ. ಬೀಗ ಮೂಡಿತು. ಯಜಮಾನರು ಅದನ್ನು ಮಗುವಿನ ಮೊದಲ ಹಲ್ಲು ನೋಡುವಂತೆ ಬಗ್ಗಿ ನೋಡಿದರು.

“‘ಇಲ್ಲೇ ಐತೆ’ ಅನ್ನೋ ಆ ಸಾಲು ತಾತ್ಕಾಲಿಕ,” ಎಂದು ನಾನು ಅವತ್ತೇ ಹೇಳಿದೆ. “ಕಂಪ್ಯೂಟರ್ ಗುತ್ತೂರಿಗೆ ಹೋದ ಮೇಲೆ ಇದನ್ನ ತೆಗೀಬೇಕು. ಇಲ್ಲಾಂದ್ರೆ ಇದು ತನ್ನ ಮುಖಾನೇ ನೋಡ್ಕೊಂತಿರ್ತೈತೆ.”

“ಆತು ಆತು,” ಎಂದರು ಅವರು. ಬೀಗವನ್ನೇ ನೋಡುತ್ತಿದ್ದರು.

ಅಮೆರಿಕದ ಕಂಪ್ಯೂಟರಿಗೆ ಎಲ್ಲವನ್ನೂ ಏರಿಸಿದೆ. ನಮ್ಮ ಇನ್‌ಸ್ಟಿಟ್ಯೂಟಿನ ಹಳೆಯ ಕಂಪ್ಯೂಟರಿನಿಂದ ತೆರೆದು ನೋಡಿದೆ. ಮೊದಲ ಪುಟ ಬಂತು. ಬೀಗದ ಪುಟ ಒತ್ತಿದಾಗ ಬ್ರೌಸರಿನ ಮೂಲೆಯ ಚಿತ್ರ ತಿರುಗತೊಡಗಿತು, ತಿರುಗುತ್ತಲೇ ಇತ್ತು, ಲೈನು ಕಡಿಯಿತು. ಇದನ್ನು ಈಗಿನವರಿಗೆ ಹೇಗೆ ವಿವರಿಸುವುದೋ ತಿಳಿಯದು. ಆಗ ಎಲ್ಲ ಪುಟಗಳೂ ಹಾಗೆಯೇ ತಿರುಗುತ್ತಿದ್ದವು, ಎಲ್ಲ ಲೈನುಗಳೂ ಹಾಗೆಯೇ ಕಡಿಯುತ್ತಿದ್ದವು. ಕೆಟ್ಟದ್ದಕ್ಕೂ ನಿಧಾನವಾದದ್ದಕ್ಕೂ ಅಂದಿನ ದಾವಣಗೆರೆಯಲ್ಲಿ ಹೊರನೋಟದ ವ್ಯತ್ಯಾಸವೇ ಇರಲಿಲ್ಲ. ನಿಧಾನವಿರಬೇಕೆಂದು ನಾನೂ ಬಿಟ್ಟೆ.

ಕಂಪ್ಯೂಟರು ಟೆಂಪೋದಲ್ಲಿ, ಎರಡು ಹಾಸಿಗೆಗಳ ನಡುವೆ ಮಲಗಿ, ದಾರಿಯ ಬಾತಿ ಗ್ರಾಮ ದಾಟಿ ಗುತ್ತೂರಿಗೆ ಹೋಯಿತು. ನಾನು ಮರುದಿನ ಬಸ್ಸಿನಲ್ಲಿ ಹೋದೆ, ಆ ಒಂದು ಸಾಲನ್ನು ತೆಗೆಯಲೆಂದೇ. ಹೋಗುವಷ್ಟರಲ್ಲಿ ಪೂಜೆ ಮುಗಿದಿತ್ತು. ಪೆಟ್ಟಿಗೆಗೆ ವಿಭೂತಿ, ಕೀಬೋರ್ಡಿಗೆ ಹೂವು. ಗಾಜಿನ ಮೇಲೆ ಬೀಗದ ಚಿತ್ರ ಬರುವ ಮೂಲೆಯ ಪಕ್ಕಕ್ಕೆ, ಬೀಗ ಮುಚ್ಚಿಹೋಗದಂತೆ ಅಳೆದು, ಒಂದು ಕುಂಕುಮದ ಬೊಟ್ಟು.

ನಾನು ಕುರ್ಚಿ ಎಳೆದುಕೊಂಡೊಡನೆ ಯಜಮಾನರು ಅಡ್ಡ ಬಂದರು. “ಏನ್ ಮಾಡಾಕ್ಹತ್ತೀರಿ?”

“ಆ ಸಾಲು ತೆಗೀಬೇಕಲ್ರಿ.”

“ಅಯ್ಯೋ, ಪೂಜೆ ಆಗೈತೆ ಮೇಷ್ಟ್ರೆ! ಪೂಜೆ ಆದ ಮಷಿನ್‌ಗೆ ಮೊದಲ ಮಾಲು ಹೊರಬೀಳೋ ತನಕ ಯಾರೂ ಸ್ಪ್ಯಾನರ್ ಹಚ್ಚಂಗಿಲ್ಲ. ನಮ್ಮಲ್ಲಿ ಎಲ್ಲ ಲೇತಿಗೂ ಹಂಗೇ ನಡಕೊಂಡು ಬಂದೈತೆ. ಮೊದಲ ಡ್ರಾಯಿಂಗ್ ಬರ್ಲಿ, ಆಮೇಲೆ ನಿಮಗೆ ಏನು ಬೇಕೋ ಬಿಚ್ರಿ.”

“ಅದನ್ನ ತೆಗೀದಿದ್ರೆ ಡ್ರಾಯಿಂಗ್ ಬಂದದ್ದು ನಿಮಗೆ ಕಾಣೋದೇ ಇಲ್ರಿ.”

“ಬೀಗ ಕಾಣ್ತೈತಲ್ಲ? ಸಾಕು.”

ಬಾಗಿಲ ಬಳಿ ಕೂತಿದ್ದ ನನ್ನ ಹಳೆಯ ಶಿಷ್ಯೆ ತಲೆಯೆತ್ತದೆ, “ಬಿಡ್ರಿ ಸಾರ್, ಹೋದ ವರ್ಷ ಒಂದು ಲೇತಿನ ಬೆಲ್ಟು ಉಲ್ಟಾ ಹಾಕಿದ್ದು ಗೊತ್ತಾದ್ರೂ ಪೂಜೆ ಆಗೈತೆ ಅಂತ ಅರ್ಧ ದಿನ ಉಲ್ಟಾನೇ ಓಡ್ಸಿದ್ರು,” ಎಂದಳು. ಯಜಮಾನರು, “ಮಾಲು ಬಂತೋ ಇಲ್ಲೋ?” ಎಂದರು. “ಬಂತು, ಗುಜರಿಗೆ ಹೋತು,” ಎಂದಳು. ನಾನು ಬಸ್ ಹತ್ತಿ ವಾಪಸಾದೆ. ಕಂಪ್ಯೂಟರಿನೊಡನೆ ವಾದ ಮಾಡಿ ಗೆಲ್ಲಬಹುದು, ಕುಂಕುಮದೊಡನೆ ಆಗದು.

ಯಜಮಾನರು ದಿನಾ ಬೆಳಿಗ್ಗೆ ಸ್ನಾನ ಪೂಜೆ ಮುಗಿಸಿ ಬಂದು ಮೊದಲು, ಫೋನ್ ಲೈನಿಗೆ ಕಂಪ್ಯೂಟರನ್ನು ಜೋಡಿಸುವಾಗ ಕೀರಲು ದನಿ ಹೊರಡಿಸುವ ಮೋಡೆಮ್ ಹಾಡಿಸುತ್ತಿದ್ದರಂತೆ, ನಂತರ ವೆಬ್‌ಸೈಟು ತೆರೆದು ಬೀಗವನ್ನು ದರ್ಶನ ಮಾಡುತ್ತಿದ್ದರಂತೆ. ಬಂದವರಿಗೆಲ್ಲ, “ಅಮೆರಿಕದಿಂದ ಬರ್ತೈತೆ, ಕಣ್ಣು ಮಿಟುಕಿಸೋದ್ರಾಗೆ!” ಎಂದು ತೋರಿಸುತ್ತಿದ್ದರಂತೆ. ಕಣ್ಣು ಮಿಟುಕಿಸುವುದರೊಳಗೆ ಅಮೆರಿಕದಿಂದ ಏನಾದರೂ ಬರುವುದು ಆ ಕಾಲದಲ್ಲಿ ಸಾಧ್ಯವೇ ಎಂದು ಯಾರೂ ಕೇಳಲಿಲ್ಲ. ಬಂದವರಿಗೂ ಅದು ಗೊತ್ತಿರಲಿಲ್ಲ.

ಹೊರದೇಶದವನ ಮೊದಲ ಫ್ಯಾಕ್ಸು ಬಂತು. ನಿಮ್ಮ ಬೀಗದ ಪುಟ ತೆರೆಯುತ್ತಿಲ್ಲ, ಒತ್ತಿದರೆ ಸುಮ್ಮನೆ ಸುತ್ತುತ್ತದೆ, ದಯವಿಟ್ಟು ಗಮನಿಸಿ ಎಂದು ಅದರ ಸಾರಾಂಶ. ಯಜಮಾನರು ಕೂಡಲೇ ವೆಬ್‌ಸೈಟು ತೆರೆದರು. ಬೀಗ ಬಂತು. ಹಾಗಾಗಿ ಅವರು ಹೇಳಿ ಬರೆಸಿದ ಉತ್ತರ ಹೀಗಿತ್ತು: ‘ನಮ್ಮ ವೆಬ್‌ಸೈಟನ್ನು ಈಗಷ್ಟೇ ಖುದ್ದಾಗಿ ತಪಾಸಣೆ ಮಾಡಲಾಗಿದೆ. ಅದು ಅತ್ಯುತ್ತಮ ಸ್ಥಿತಿಯಲ್ಲಿದೆ. ತಮ್ಮ ಕಂಪ್ಯೂಟರನ್ನು ಒಳ್ಳೆಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿಕೊಳ್ಳುವುದು.’ ನನ್ನ ಶಿಷ್ಯೆ ಇದನ್ನು ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸಿದ್ದಳು. ನಮ್ಮ ಇನ್‌ಸ್ಟಿಟ್ಯೂಟಿನ ತರಬೇತಿಯ ಬಗ್ಗೆ ನಾನು ಪಶ್ಚಾತ್ತಾಪ ಪಟ್ಟದ್ದು ಅದೊಂದೇ ಸಲ.

ಎರಡನೆಯ ಫ್ಯಾಕ್ಸು ಚಿಕ್ಕದಾಗಿತ್ತು. ಹಲವರು ಹಲವು ಕಂಪ್ಯೂಟರುಗಳಲ್ಲಿ ನೋಡಿದ್ದಾರೆ, ಎಲ್ಲದರಲ್ಲೂ ಸುತ್ತುತ್ತದೆ. ಈ ವಾರ ಮುಗಿಯುವುದರೊಳಗೆ ಸರಿಹೋಗದಿದ್ದರೆ ಡ್ರಾಯಿಂಗುಗಳು ಕೊಯಮತ್ತೂರಿಗೆ.

ಯಜಮಾನರು ನನಗೆ ಫೋನ್ ಮಾಡಿದರು. ದನಿಯಲ್ಲಿ ಹಬ್ಬ ತಪ್ಪಿಹೋಗುವವರ ನಡುಕವಿತ್ತು. “ಮೇಷ್ಟ್ರೆ, ಆ ಸಾಹೇಬ್ರ ಊರಾಗೆ ಏನೋ ತೊಂದ್ರೆ ಐತೆ. ಅವ್ರಿಗೆ ತಿಳಿಯಂಗೆ ನೀವೊಂದು ಕಾಗದ ಬರೀಬೇಕು, ಬರ್ರಿ. ಕಾರು ಕಳಿಸ್ಲೇನು?”

ಕಾರು ಬ್ಯಾಡ, ಬಸ್ಸಿದೆ ಎಂದೆ. ಸಿಟ್ಟಿನಲ್ಲಿದ್ದಾಗ ನನಗೆ ನಿಂತು ಪ್ರಯಾಣ ಮಾಡುವುದೇ ಒಗ್ಗುತ್ತದೆ.

ಮರುದಿನ ಗುತ್ತೂರಿಗೆ ಹೋದಾಗ ಆಫೀಸಿನ ಫೋನು ಸತ್ತಿತ್ತು. ರಸ್ತೆಬದಿ ಅಗೆಯುವಾಗ ಯಾರೋ ಕೇಬಲ್ಲು ಕಡಿದಿದ್ದರು. ಅಷ್ಟರಲ್ಲಿ ನಾನು ಪರಿಚಿತರ ಸಾಲಿಗೆ ಸೇರಿದ್ದರಿಂದ ಚೀಟಿಯ ಪ್ರದಕ್ಷಿಣೆ ಇರಲಿಲ್ಲ. ಯಜಮಾನರು ಕಂಪ್ಯೂಟರಿನ ಮುಂದೆ ಕೂತಿದ್ದರು. ಮುಖ ಬಾಡಿತ್ತು, ಆದರೂ ಯಾವುದೋ ಹೆಮ್ಮೆ ಅದರೊಳಗಿಂದ ಇಣುಕುತ್ತಿತ್ತು.

“ಫೋನ್ ಸತ್ತೈತೆ, ಇವತ್ತು ನೋಡಾಕಾಗಂಗಿಲ್ಲ ಬಿಡ್ರಿ,” ಎಂದೆ.

“ಯಾಕಾಗಂಗಿಲ್ಲ?” ಎಂದು ಅವರು ಬ್ರೌಸರನ್ನು ತೆರೆದರು. ವೆಬ್‌ಸೈಟು ಬಂತು. ಬೀಗದ ಪುಟ ಒತ್ತಿದರು. ಬಂತು. ಕುಂಕುಮದ ಪಕ್ಕದಲ್ಲಿ ಬೀಗ ಮೂಡಿತು. “ನೋಡ್ರಿ! ಬೆಳಿಗ್ಗಿಂದ ನೋಡಾಕ್ಹತ್ತೀನಿ. ಫೋನೇ ಇಲ್ಲ, ಆದ್ರೂ ಓಡ್ತೈತೆ. ಎಂಥಾ ಗಟ್ಟಿ ಮಾಲು ಮಾಡಿಕೊಟ್ಟೀರಿ ಮೇಷ್ಟ್ರೆ! ಇಂಥದ್ದನ್ನ ಆ ಸಾಹೇಬ ಕೆಟ್ಟೈತೆ ಅಂತಾನಲ್ಲ!”

ನಾನು ಕುರ್ಚಿಯ ಮೇಲೆ ಕೂತೆ. ನನ್ನ ಶಿಷ್ಯೆ ಒಂದು ಲೋಟ ನೀರು ತಂದುಕೊಟ್ಟಳು.

“ಯಜಮಾನ್ರೆ,” ಎಂದೆ, “ಅಮೆರಿಕದಲ್ಲಿರೋ ವೆಬ್‌ಸೈಟು ಫೋನಿಲ್ದೆ ಹೆಂಗೆ ಬರ್ತೈತೆ?”

“ಅದಕ್ಕೇ ಹೇಳಿದ್ದು, ಗಟ್ಟಿ ಐತೆ ಅಂತ.”

“ಇದು ಅಮೆರಿಕ ಅಲ್ರಿ. ಇದು ಗುತ್ತೂರು. ನೀವು ಇಷ್ಟು ದಿನ ದರ್ಶನ ಮಾಡಿದ್ದು ಈ ಪೆಟ್ಟಿಗೆಯೊಳಗಿನ ಸ್ಯಾಂಪಲ್ಲು. ಆ ಸಾಹೇಬ ನೋಡಾಕ್ಹತ್ತಿದ್ದು ಅಂಡಿಗೆಯೊಳಗಿನ ಮಾಲು. ಅಲ್ಲಿ ಏನಾಗೈತೋ ನೀವೂ ನೋಡಿಲ್ಲ, ಈ ಪೆಟ್ಟಿಗೆ ನಿಮಗೆ ನೋಡಾಕೆ ಬಿಟ್ಟೂ ಇಲ್ಲ.”

ಯಜಮಾನರು ಬೀಗವನ್ನು ನೋಡಿದರು, ಸತ್ತ ಫೋನನ್ನು ನೋಡಿದರು, ಮತ್ತೆ ಬೀಗವನ್ನು ನೋಡಿದರು. ಅವರ ಕೈ ತಾನಾಗಿಯೇ ಜೇಬಿನ ಮೈಕ್ರೋಮೀಟರನ್ನು ಮುಟ್ಟಿಕೊಂಡಿತು. “ನಾ ಆ ಮನುಷ್ಯನಿಗೆ ಮೆಕ್ಯಾನಿಕ್‌ಗೆ ತೋರ್ಸು ಅಂತ ಬರ್ದೀನಲ್ರಿ,” ಎಂದರು.

ದಾವಣಗೆರೆಯಲ್ಲಿ ಆಗತಾನೇ ತೆರೆದಿದ್ದ ಸೈಬರ್ ಸೆಂಟರೊಂದಕ್ಕೆ ಮರುದಿನ ಬೆಳಿಗ್ಗೆಯೇ ಹೋಗಿ ಕೂತೆ. ಅಲ್ಲಿನ ಲೈನು ನಮ್ಮದಕ್ಕಿಂತ ಸ್ವಲ್ಪ ಸಭ್ಯವಾಗಿತ್ತು. ಬೀಗದ ಪುಟ ಒತ್ತಿದೆ. ಬ್ರೌಸರು ಸುತ್ತಿ ಸುತ್ತಿ ಸುಸ್ತಾಗಿ, ಇನ್ನು ತಿರುಗುವುದು ನನ್ನಿಂದಾಗದು ಎಂದು ಒಂದು ಸಾಲಿನಲ್ಲಿ ಬರೆದು ಕೈಮುಗಿಯಿತು. ಅಮೆರಿಕದ ಬಾಡಿಗೆ ಕಂಪ್ಯೂಟರಿನವರಿಗೆ ಇ-ಮೇಲ್ ಬರೆದೆ. ಅವರು ಬಹಳ ವಿನಯವಂತರು. ಮೊದಲ ಉತ್ತರದಲ್ಲಿ, ನಿಮ್ಮ ಬ್ರೌಸರನ್ನು ಮುಚ್ಚಿ ಮತ್ತೆ ತೆರೆದಿರಾ ಎಂದು ಕೇಳಿದರು. ಎರಡನೆಯದರಲ್ಲಿ, ನಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ ಎಂದರು. ಇದನ್ನು ಓದಿ ನನಗೆ ಯಜಮಾನರ ಫ್ಯಾಕ್ಸು ನೆನಪಾಗಿ, ಪ್ರಪಂಚದ ಏಕತೆಯ ಬಗ್ಗೆ ಗಾಢವಾದ ನಂಬಿಕೆ ಹುಟ್ಟಿತು. ಸಿಟ್ಟಿನಿಂದ ಉದ್ದವಾಗಿ ಬರೆದ ಮೇಲೆ ಅವರಲ್ಲೊಬ್ಬ ತಿಳಿದವ ಉತ್ತರಿಸಿದ. ಬೀಗವಿರುವುದು ನಮ್ಮಲ್ಲಿ ಮುಂಬಾಗಿಲು ಕಾಯುವ ಕಂಪ್ಯೂಟರಿನಲ್ಲಿ. ಅದು ಬೀಗ ತೆಗೆದು, ಬಂದವರನ್ನು ಒಳಗಿನ ಇನ್ನೊಂದು ಕಂಪ್ಯೂಟರಿಗೆ, ಬೀಗ ದಾಟಿ ಬಂದ ಗುರುತಿಲ್ಲದೆ, ಬರಿಗೈಯಲ್ಲಿ ಕಳಿಸುತ್ತದೆ. ನಿಮ್ಮ ಪುಟವಿರುವುದು ಒಳಗಿನದರಲ್ಲಿ.

ಓದಿದ ಕೂಡಲೇ ನನ್ನ ಕಾಲುಗಳಿಗೆ ಗುತ್ತೂರಿನ ಬಿಸಿಲು ನೆನಪಾಯಿತು. ಇದು ಅದೇ ಚೀಟಿ! ಗೇಟಿನವನು ಚೀಟಿ ಇಸಿದುಕೊಂಡು ಮೊಳೆಗೆ ಚುಚ್ಚುತ್ತಾನೆ. ಆಫೀಸಿನಲ್ಲಿ ಕೂತ ನನ್ನ ಆಜ್ಞೆ, ‘ಬೀಗದ ದಾರಿಯಲ್ಲಿ ಬಂದಿರಾ? ಗುರುತೆಲ್ಲಿ? ಗೇಟಿಗೆ ಹೋಗಿ’ ಎನ್ನುತ್ತದೆ. ಎರಡೂ ಆರ್ಡರು ನ್ಯಾಯವಾದವೇ. ಆ ಹೊರದೇಶದ ಸಂಭಾವಿತನನ್ನು ನಾವು ನಮ್ಮ ಗೇಟಿಗೂ ಆಫೀಸಿಗೂ ನಡುವೆ ಇಷ್ಟು ದಿನ ಓಡಾಡಿಸಿ, ಆಮೇಲೆ ಕಾಲನ್ನು ಮೆಕ್ಯಾನಿಕ್‌ಗೆ ತೋರಿಸಿಕೊಳ್ಳಿ ಎಂದು ಬೇರೆ ಬರೆದಿದ್ದೆವು.

ಅದಕ್ಕೆ ಪರಿಹಾರವನ್ನೂ ಆತನೇ ಬರೆದಿದ್ದ. ಬೀಗ ದಾಟಿ ಬಂದವರನ್ನು ಒಳಗಿನ ಕಂಪ್ಯೂಟರಿನ ಬೇರೊಂದು ಬಾಗಿಲಿಗೆ ಕಳಿಸುತ್ತೇವೆ. ಆ ಬಾಗಿಲಿನಿಂದ ಬಂದವರನ್ನು ನಿಮ್ಮ ಆಜ್ಞೆ ಮತ್ತೆ ಕೇಳದಿದ್ದರೆ ಸಾಕು. ಆದರೆ ಮನೆಯ ಕಂಪ್ಯೂಟರಿನಲ್ಲಿ ಆ ಬೇರೆ ಬಾಗಿಲು ಇಲ್ಲ. ಅಂದರೆ ಇಲ್ಲಿಗೊಂದು, ಅಲ್ಲಿಗೊಂದು ಸಾಲು ಬೇಕೇ ಬೇಕು. ಬರೆದು, ಏರಿಸಿ, ಸೈಬರ್ ಸೆಂಟರಿನಲ್ಲೇ ನೋಡಿದೆ. ಬೀಗ ಬಂತು, ನಿಧಾನವಾಗಿ, ಬಹಳ ದೂರದಿಂದ ನಡೆದು ಬಂದವರ ಹಾಗೆ. ಈ ಸಲ ಅದು ಅಮೆರಿಕದ್ದೇ.

ಗುತ್ತೂರಿಗೆ ಹೋಗಿ ಹೇಳಿದೆ. ಫೋನಿಗೆ ಜೀವ ಬಂದಿತ್ತು. ಯಜಮಾನರು ಚೀಟಿಯ ವಿಷಯ ಕೇಳಿ, “ನಮ್ಮ ಗೇಟಾಗೆ ಹಿಂಗೆ ನಡೀತೈತೇನು?” ಎಂದು ಹೌಹಾರಿದರು. “ನಡೀತೈತ್ರಿ, ಹೇಳಿದ್ರೆ ನೀವು ಕೇಳ್ಬೇಕಲ್ಲ,” ಎಂದಳು ಶಿಷ್ಯೆ. ಆದರೆ ಎರಡು ಸಾಲಿನ ಮಾತು ಬಂದಾಗ ಅವರ ಮುಖ ಬಿಗಿಯಿತು.

“ಕೊನೀಗೂ ಎರಡು ಥರ ಆತಲ್ರಿ.”

“ಯಜಮಾನ್ರೆ, ಗೇಟಲ್ಲಿ ಬಂದೋರ್ನ ಚೀಟಿ ಕೇಳ್ತೀರಿ. ನಿಮ್ಮ ಮನೇಲಿ ಅಡಿಗೆಮನೆಗೆ ಹೋಗಾಕೆ ಚೀಟಿ ಕೇಳ್ತಾರೇನು?”

“ನಮ್ಮ ಮನೆಯಾಕೆ ಕೇಳ್ತಾಳೆ,” ಎಂದರು. ಆದರೂ ಸೋತಿದ್ದರು. ಕೊಯಮತ್ತೂರು ಅವರ ಕಣ್ಣಲ್ಲಿ ಕಾಣುತ್ತಿತ್ತು.

ಇನ್ನು ಉಳಿದದ್ದು ಪೂಜೆಯಾದ ಪೆಟ್ಟಿಗೆಯಲ್ಲಿದ್ದ ಆ ತಾತ್ಕಾಲಿಕ ಸಾಲು. ಅದು ಹೋಗದೆ ನಿಜವಾದ ವೆಬ್‌ಸೈಟು ಇಲ್ಲಿ ಕಾಣುವಂತಿಲ್ಲ. ಮೊದಲ ಮಾಲು ಬರದೆ ಸ್ಪ್ಯಾನರ್ ಹಚ್ಚುವಂತಿಲ್ಲ. ಯಜಮಾನರು ಕುರ್ಚಿಯನ್ನು ಕಂಪ್ಯೂಟರಿನ ಮುಂದಕ್ಕೆ ಎಳೆದುಕೊಂಡರು. “ನೀವು ಮುಟ್ಟಬ್ಯಾಡ್ರಿ,” ಎಂದರು. “ಪೂಜೆ ಮಾಡಿದೋನು ನಾನು. ನಾನೇ ಹಚ್ತೀನಿ. ಎಲ್ಲೈತೆ ಹೇಳ್ರಿ.”

ನಾನು ಹೇಳಿದೆ, ಅವರು ತೋರುಬೆರಳಿನಿಂದ ಒಂದೊಂದೇ ಅಕ್ಷರವನ್ನು ಅಳಿಸಿದರು. ಲೇತಿನ ಮೇಲೆ ಕೊನೆಯ ಎಳೆ ತೆಗೆಯುವವರ ಹಾಗೆ ಉಸಿರು ಬಿಗಿಹಿಡಿದಿದ್ದರು. ಅಳಿಸಿಯಾದ ಮೇಲೆ ಬ್ರೌಸರನ್ನು ಮುಚ್ಚಿ ತೆರೆಸಿದೆ. ಕಿಟಕಿ ಖಾಲಿ.

“ಹೋತಲ್ರಿ!” ಎಂದರು.

“ಹೋಗ್ಲೇಬೇಕು. ಈಗ ಮೋಡೆಮ್ ಹಾಡಿಸ್ರಿ.”

ಮೋಡೆಮ್ ಹಾಡಿತು. ಪುಟ ಮೇಲಿನಿಂದ ಕೆಳಕ್ಕೆ ಒಂದೊಂದೇ ಪಟ್ಟಿಯಾಗಿ ಇಳಿಯಿತು. ಯಜಮಾನರು, “ಇಷ್ಟು ನಿಧಾನ?” ಎಂದು ಮುಖ ಸಿಂಡರಿಸಿದರು. ಕೊನೆಗೆ ಕುಂಕುಮದ ಪಕ್ಕದಲ್ಲಿ ಬೀಗ ಮೂಡಿತು. ಹೊರದೇಶಕ್ಕೆ ಫ್ಯಾಕ್ಸು ಹೋಯಿತು. ಯಜಮಾನರು ಹೇಳಿ ಬರೆಸಿದ್ದಿಷ್ಟೇ: ‘ತಮ್ಮ ಕಂಪ್ಯೂಟರು ಅತ್ಯುತ್ತಮ ಸ್ಥಿತಿಯಲ್ಲಿದೆ. ಮೆಕ್ಯಾನಿಕ್ ಬೇಕಾಗಿದ್ದದ್ದು ನಮಗೆ. ಈಗ ದಯವಿಟ್ಟು ಇನ್ನೊಂದು ಸಲ ಬನ್ನಿ.’

ಎರಡು ದಿನ ಉತ್ತರವಿರಲಿಲ್ಲ. ಯಜಮಾನರು ನನ್ನನ್ನು ದಿನಾ ಗುತ್ತೂರಿಗೆ ಕರೆಸಿ, ಮಂಡಕ್ಕಿ ಮೆಣಸಿನಕಾಯಿ ತರಿಸಿ, ತಾವು ತಿನ್ನದೆ ನನ್ನ ಮುಂದೆ ಕೂರುತ್ತಿದ್ದರು. ದೊಡ್ಡಮನೆಯಿಂದ ಹಬ್ಬಕ್ಕೆ ಯಾವಾಗ ಬರ್ತೀಯಾ ಎಂದು ಅಣ್ಣನ ಫೋನು ಬಂದಾಗ, “ಲೈನ್ ಖಾಲಿ ಬಿಡ್ಬೇಕಣ್ಣ, ಆಮೇಲೆ ಮಾತಾಡ್ತೀನಿ,” ಎಂದು ಇಟ್ಟುಬಿಟ್ಟರು. ಮೂರನೆಯ ದಿನ ಮಧ್ಯಾಹ್ನ ಬೀಗದ ಪುಟದಲ್ಲಿ, ಯಾರೋ ಏನೋ ಬಿಟ್ಟುಹೋಗಿದ್ದಾರೆಂಬ ಗುರುತು ಬಂತು. ಒತ್ತಿದೆ. ಡ್ರಾಯಿಂಗು ಇಳಿಯತೊಡಗಿತು. ಎಷ್ಟು ಭಾಗ ಬಂತೆಂದು ತೋರಿಸುವ ಪಟ್ಟಿ ಬಸವನಹುಳುವಿನಂತೆ ತೆವಳುತ್ತಾ ಕಾಲು ದಾಟಿತು, ಅರ್ಧ ದಾಟಿತು. ಆಫೀಸಿನವರೆಲ್ಲ ಎದ್ದು ಬಂದು ಹಿಂದೆ ನಿಂತರು.

ಯಜಮಾನರು ಮಾತ್ರ ಅದನ್ನು ಅನುಮಾನದಿಂದ ನೋಡುತ್ತಿದ್ದರು. “ಮೇಷ್ಟ್ರೆ, ಇದು ಅಲ್ಲಿಂದಾನೇ ಬರಾಕ್ಹತ್ತೈತೋ, ಮತ್ತೆ ಈ ಪೆಟ್ಟಿಗೆ ತನ್ನ ಹೊಟ್ಟೆಯಾಗಿಂದಾನೇ ತೋರ್ಸಾಕ್ಹತ್ತೈತೋ?”

“ಅಲ್ಲಿಂದಾನೇ.”

“ಮೊದಲೂ ಹಂಗೇ ಅನ್ಕೊಂಡಿದ್ವಿ.”

ನಾನು ತಡೆಯುವಷ್ಟರಲ್ಲಿ ಅವರು ಎದ್ದು, ಗೋಡೆಯ ಬಳಿ ಬಗ್ಗಿ, ಫೋನಿನ ತಂತಿಯನ್ನು ಹಿಡಿದು ಕಿತ್ತರು.

ಪಟ್ಟಿ ನಿಂತಿತು. ಅದುವರೆಗೆ ಇಳಿದದ್ದೆಲ್ಲ ವ್ಯರ್ಥವಾಗಿ, ಮೊದಲಿನಿಂದ ಮತ್ತೆ ಶುರುಮಾಡಬೇಕೆಂಬ ಒಕ್ಕಣೆ ಗಾಜಿನ ಮೇಲೆ ಬಂತು. ಯಜಮಾನರು ಕಿತ್ತ ತಂತಿಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. ವಾರಗಳ ನಂತರ ಅವರ ಮುಖದಲ್ಲಿ ದೀಪ ಹತ್ತಿತ್ತು.

“ನಿಂತ್ಬಿಡ್ತು ಮೇಷ್ಟ್ರೆ!” ಎಂದರು. “ನಿಜವಾದ್ದೇ ಐತೆ!”

ಆಮೇಲೆ ಶಿಷ್ಯೆಯ ಕಡೆ ತಿರುಗಿ, ದೊಡ್ಡಮನೆಗೆ ಫೋನ್ ಹಚ್ಚು, ನಾ ಹಬ್ಬಕ್ಕೆ ಬರ್ತೀನಂತ ಹೇಳು ಎಂದರು. ಅವಳು ಅವರ ಕೈಯಲ್ಲಿದ್ದ ತಂತಿಯನ್ನೊಮ್ಮೆ ನೋಡಿದಳು. ನಾನು ಅದನ್ನು ಇಸಿದುಕೊಂಡು, ಗೋಡೆಗೆ ಮತ್ತೆ ಚುಚ್ಚಿ, ಬಂದವರು ಯಾರೂ ಈ ಕಡೆ ಸುಳಿಯದಂತೆ ಕುರ್ಚಿಯನ್ನು ಅದಕ್ಕೆ ಒತ್ತರಿಸಿ ಕೂತು, ಮೋಡೆಮ್‌ಗೆ ಮೊದಲಿನಿಂದ ಹಾಡಲು ಹೇಳಿದೆ.